ತಡವಾಗಿ ಬಂದ ಪದಕ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಜೀವನ ಮತ್ತು ಸಾಹಸ

ವೀರರ ನೆನಪನ್ನು ಕಲ್ಲಿನಲ್ಲಿ ನಿಲ್ಲಿಸುವುದು ಕನ್ನಡಿಗರ ಪುರಾತನ ಪದ್ಧತಿ. ತುರುಗಳನ್ನು ಕಾಯುತ್ತ ಮಡಿದವನಿಗೂ, ಊರಳಿವಿನಲ್ಲಿ ಕಾದಿ ಬಿದ್ದವನಿಗೂ, ಒಡೆಯನಿಗಾಗಿ ಪ್ರಾಣವನ್ನಿತ್ತವನಿಗೂ ನಮ್ಮ ಹಿರಿಯರು ವೀರಗಲ್ಲುಗಳನ್ನು ನೆಟ್ಟರು. ಕಲ್ಲಿನ ಕೆಳಗಿನ ಭಾಗದಲ್ಲಿ ಕಾಳಗ, ನಡುವೆ ಆ ವೀರನನ್ನು ಮೇಲಕ್ಕೆ ಕೊಂಡೊಯ್ಯುವ ಅಪ್ಸರೆಯರು, ತುದಿಯಲ್ಲಿ ಕೈಲಾಸ. ಮಡಿದವನು ಅರಸನಾಗಿರಬೇಕೆಂಬ ನಿಯಮವಿರಲಿಲ್ಲ. ಅವನು ಮಾಡಿದ ಕೆಲಸವನ್ನು ಕಂಡವರಿದ್ದರೆ ಸಾಕಾಗಿತ್ತು. ಆದರೆ ಕಂಡವರೇ ಇಲ್ಲದೆ ಹೋದರೆ? ನೆಲದ ಮೇಲಲ್ಲ, ಆಕಾಶದಲ್ಲಿ, ತನ್ನವರೆಲ್ಲರಿಂದಲೂ ಬೇರ್ಪಟ್ಟು, ಪರನಾಡಿನ ಹೊಲಗಳ ಮೇಲೆ ಒಬ್ಬನೇ ಕಾದಿ ಬಿದ್ದವನಿಗೆ ಕಲ್ಲು ನಿಲ್ಲಿಸುವವರಾರು? ಈ ಪ್ರಶ್ನೆಗೆ ಉತ್ತರವಾಗಿ ನಿಂತಿದೆ ಕೊಡಗಿನ ವೈಮಾನಿಕ ಅಜ್ಜಮಾಡ ಬಿ. ದೇವಯ್ಯನವರ ಚರಿತ್ರೆ.

ಕೃಷ್ಣೆ ತುಂಗಭದ್ರೆಯರ ಆಸುಪಾಸಿನ ಈ ನಮ್ಮ ನೆಲದಲ್ಲಿ, ವಡ್ಡೆಪಲ್ಲಿ, ಗದ್ವಾಲ, ಮಕ್ತಲ್, ನಾರಾಯಣಪೇಟೆಗಳ ಕನ್ನಡ ಮನೆಗಳಲ್ಲಿ, ಕೊಡಗಿನ ಕಥೆಯೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು. ಇದಕ್ಕೆ ಎರಡು ಕಾರಣಗಳುಂಟು. ೧೯೫೬ನೆಯ ಇಸವಿ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅದುವರೆಗೆ ಪ್ರತ್ಯೇಕ ರಾಜ್ಯವಾಗಿದ್ದ ಪುಟ್ಟ ಕೊಡಗು ಮೈಸೂರಿನಲ್ಲಿ ಸೇರಿತು. ಅದೇ ದಿನ ಹೈದರಾಬಾದ್ ಸಂಸ್ಥಾನವು ಒಡೆದು, ರಾಯಚೂರು, ಕಲಬುರಗಿ, ಬೀದರುಗಳು ಮೈಸೂರಿನ ಕಡೆಗೂ, ನಮ್ಮ ಸೀಮೆಯು ಆಂಧ್ರಪ್ರದೇಶದ ಕಡೆಗೂ ಹೋದವು. ಒಂದೇ ದಿನ ಒಂದು ಅಂಚು ಒಳಗೆ ಬಂದಿತು, ಇನ್ನೊಂದು ಅಂಚು ಹೊರಗೆ ಉಳಿಯಿತು. ಅಂಚಿನವರ ಸುಖದುಃಖಗಳು ಅಂಚಿನವರಿಗೆ ಬೇಗನೆ ಅರ್ಥವಾಗುತ್ತವೆ. ಎರಡನೆಯ ಕಾರಣವನ್ನು ಕಥೆಯನ್ನು ಹೇಳಿ ಮುಗಿಸಿದ ಮೇಲೆ ಹೇಳುವುದು ಮೇಲು.

ದೇವಯ್ಯನವರು ಹುಟ್ಟಿದ್ದು ೧೯೩೨ರ ಡಿಸೆಂಬರ್ ೨೪ರಂದು, ಕೊಡಗಿನಲ್ಲಿ. ತಂದೆ ಬೋಪಯ್ಯನವರು ವೈದ್ಯರು. ಅಜ್ಜಮಾಡ ಎಂಬುದು ಅವರ ಒಕ್ಕದ ಹೆಸರು. ಕೊಡವರಲ್ಲಿ ಮನುಷ್ಯನ ಹೆಸರಿಗಿಂತ ಮುಂಚೆ ಒಕ್ಕದ ಹೆಸರು ಬರುತ್ತದೆ. ವ್ಯಕ್ತಿಯು ಮೊದಲು ತನ್ನ ಐನ್‌ಮನೆಗೆ ಸೇರಿದವನು, ಆಮೇಲೆ ತಾನು ತಾನಾದವನು. ಭತ್ತದ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ ಮೊದಲ ದಿನಗಳಲ್ಲಿ ಬರುವ ಕೈಲ್‌ಪೋಳ್ದ್ ಹಬ್ಬದಲ್ಲಿ ಆಯುಧಗಳನ್ನು ಹೂವಿಟ್ಟು ಪೂಜಿಸುವ ಜನ ಅವರು. ೧೯೪೯ರ ಜನವರಿ ೧೫ರಂದು ಭಾರತ ಭೂಸೇನೆಯ ಮಹಾದಂಡನಾಯಕತ್ವವನ್ನು ಆಂಗ್ಲರಿಂದ ವಹಿಸಿಕೊಂಡ ಕೆ. ಎಂ. ಕಾರ್ಯಪ್ಪನವರೂ, ೧೯೫೭ರಲ್ಲಿ ಆ ಸ್ಥಾನಕ್ಕೇರಿದ ಕೆ. ಎಸ್. ತಿಮ್ಮಯ್ಯನವರೂ ಅದೇ ಮಣ್ಣಿನವರು. ಇಂಥ ನಾಡಿನಲ್ಲಿ ಬೆಳೆದ ಹುಡುಗನಿಗೆ ಸೈನ್ಯ ಅಪರಿಚಿತವಾದ ಬಾಳುವೆಯಲ್ಲ.

ಅವರು ಹುಟ್ಟಿದ ವರ್ಷಕ್ಕೆ ಮತ್ತೊಂದು ವಿಶೇಷವುಂಟು. ಭಾರತೀಯ ವಾಯುಪಡೆಯು ಕಾನೂನಿನ ಪ್ರಕಾರ ಹುಟ್ಟಿದ್ದೂ ಅದೇ ೧೯೩೨ರಲ್ಲಿ, ಅಕ್ಟೋಬರ್ ೮ರಂದು. ಮರುವರ್ಷ ಏಪ್ರಿಲ್ ೧ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ಬೆರಳೆಣಿಕೆಯ ವಾಪಿಟಿ ವಿಮಾನಗಳೊಡನೆ ಅದರ ಒಂದನೆಯ ದಳ ಆರಂಭವಾಯಿತು. ಬಟ್ಟೆ ಹೊದೆಸಿದ ರೆಕ್ಕೆಗಳ, ಮಂದಗತಿಯ ವಿಮಾನಗಳವು. ಅದಕ್ಕೆ ಮುಂಚೆ, ಒಂದನೆಯ ಮಹಾಯುದ್ಧದಲ್ಲಿಯೇ, ಇಂದ್ರಲಾಲ್ ರಾಯ್, ಹರ್ದಿತ್ ಸಿಂಗ್ ಮಲಿಕ್ ಮೊದಲಾದ ಕೆಲವೇ ಭಾರತೀಯರು ಆಂಗ್ಲರ ವಾಯುದಳವನ್ನು ಸೇರಿ ಯೂರೋಪಿನ ಆಕಾಶದಲ್ಲಿ ಕಾದಿದ್ದರು. ರಾಯ್ ೧೯೧೮ರ ಜುಲೈನಲ್ಲಿ, ಇಪ್ಪತ್ತು ವರ್ಷ ತುಂಬುವ ಮೊದಲೇ ಮಡಿದರು. ಹೀಗೆ ಕೈಬೆರಳೆಣಿಕೆಯಿಂದ ಮೊದಲಾದ ಪರಂಪರೆಗೆ ದೇವಯ್ಯನವರು ೧೯೫೪ರಲ್ಲಿ ಅಧಿಕಾರಿಯಾಗಿ ಸೇರಿದರು. ಆಗ ಅವರಿಗೆ ವಯಸ್ಸು ಇಪ್ಪತ್ತೆರಡು ತುಂಬಿರಲಿಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಅವರು ನುರಿತ ಚಾಲಕರೂ, ಒಳ್ಳೆಯ ಶಿಕ್ಷಕರೂ ಆದರು. ೧೯೬೫ರ ಯುದ್ಧ ಮೊದಲಾಗುವ ವೇಳೆಗೆ ಅವರು ವಾಯುಪಡೆಯ ವಿಮಾನ ವಿದ್ಯಾಲಯದಲ್ಲಿ ಎಳೆಯರಿಗೆ ಹಾರಾಟವನ್ನು ಕಲಿಸುತ್ತಿದ್ದರು. ಶಿಕ್ಷಕನ ಕೆಲಸ ಸುರಕ್ಷಿತವಾದ್ದೆಂದು ಹೊರಗಿನವರು ತಿಳಿಯುವುದುಂಟು. ಅನುಭವವಿಲ್ಲದ ಕೈಗೆ ಯಂತ್ರವನ್ನು ಒಪ್ಪಿಸಿ, ಅದು ತಪ್ಪುವವರೆಗೆ ಸುಮ್ಮನಿದ್ದು, ತಪ್ಪಿದ ಕ್ಷಣದಲ್ಲಿ ತಿದ್ದಬೇಕಾದ ಕಾರ್ಯಕ್ಕೆ ಎಷ್ಟು ತಾಳ್ಮೆ ಬೇಕು, ಎಷ್ಟು ಧೈರ್ಯ ಬೇಕು ಎಂಬುದು ಬಲ್ಲವರಿಗೇ ಗೊತ್ತು. ಯುದ್ಧ ಸನ್ನಿಹಿತವಾದಾಗ ದೇವಯ್ಯನವರನ್ನು ಪಂಜಾಬಿನ ಆದಂಪುರದಲ್ಲಿದ್ದ ಒಂದನೆಯ ದಳಕ್ಕೆ ಕಳುಹಿಸಲಾಯಿತು. ಕರಾಚಿಯಲ್ಲಿ ಹುಟ್ಟಿದ ಆ ಮೊದಲನೆಯ ದಳವೇ ಇದು. ಹುಲಿಯ ಹೆಸರನ್ನು ಹೊತ್ತ ದಳ. ಆಗ ಅದರ ಬಳಿ ಇದ್ದದ್ದು ಫ್ರಾನ್ಸ್ ದೇಶದ ದಸೋ ಕಾರ್ಖಾನೆಯ ಮಿಸ್ಟೇರ್ ವಿಮಾನಗಳು.

ಇಲ್ಲಿ ಎರಡು ವಿಮಾನಗಳ ಪರಿಚಯವನ್ನು ಮಾಡಿಕೊಡದೆ ಮುಂದಿನ ಸಂಗತಿಯ ಹಿರಿಮೆ ತಿಳಿಯಲಾರದು. ಮಿಸ್ಟೇರ್ ಒಂದೇ ಎಂಜಿನಿನ ಜೆಟ್ ವಿಮಾನ. ಎರಡು ಫಿರಂಗಿಗಳನ್ನು ಹೊತ್ತು, ಸಮಮಟ್ಟದ ಹಾರಾಟದಲ್ಲಿ ಶಬ್ದದ ವೇಗದ ಕೆಳಗೇ ಹಾರತಕ್ಕದ್ದು. ನೆಲದ ಮೇಲಿನ ಗುರಿಗಳನ್ನು ಹೊಡೆಯಲು ಅನುಕೂಲವಾದ ಗಟ್ಟಿಮುಟ್ಟಾದ ಯಂತ್ರ, ಹೊಸತಲ್ಲ. ಪಾಕಿಸ್ತಾನಕ್ಕೆ ಅಮೆರಿಕವು ಕೊಟ್ಟಿದ್ದ ಸ್ಟಾರ್‌ಫೈಟರ್ ಇದಕ್ಕೆ ತೀರ ಬೇರೆಯದು. ಸೂಜಿಯಂತೆ ಚೂಪಾದ ದೇಹ, ಮೊಟಕಾದ ರೆಕ್ಕೆಗಳು, ಶಬ್ದಕ್ಕೆ ಇಮ್ಮಡಿಯಾದ ವೇಗ, ಶತ್ರುವಿಮಾನದ ಬಿಸಿಯನ್ನು ಅರಸಿ ಬೆನ್ನಟ್ಟುವ ಕ್ಷಿಪಣಿಗಳು. ಆ ಕಾಲದಲ್ಲಿ ಅದನ್ನು ಕಂಡು ಬೆರಗಾಗದ ವಾಯುಪಡೆಯಿಲ್ಲ. ಎತ್ತಿನ ಗಾಡಿಗೂ ಮೋಟಾರಿಗೂ ಇರುವಷ್ಟಲ್ಲವಾದರೂ, ಈ ಎರಡು ವಿಮಾನಗಳ ನಡುವಣ ಅಂತರ ಯಾರಿಗೂ ಕಾಣುವಷ್ಟು ದೊಡ್ಡದಾಗಿತ್ತು.

೧೯೬೫ರ ಸೆಪ್ಟೆಂಬರ್ ೧ರಂದು ಪಾಕಿಸ್ತಾನದ ಟ್ಯಾಂಕುಗಳು ಜಮ್ಮುವಿನ ಛಾಂಬ್ ಪ್ರದೇಶಕ್ಕೆ ನುಗ್ಗಿದವು. ಅಂದು ಸಂಜೆಯೇ ನಮ್ಮ ವಾಯುಪಡೆ ರಣಕ್ಕಿಳಿಯಿತು. ೬ರಂದು ನಮ್ಮ ಭೂಸೇನೆ ಲಾಹೋರಿನ ದಿಕ್ಕಿಗೆ ಗಡಿಯನ್ನು ದಾಟಿತು. ಅಂದಿನ ಸಾಯಂಕಾಲ ಪಾಕಿಸ್ತಾನದ ವಿಮಾನಗಳು ನಮ್ಮ ನೆಲೆಗಳ ಮೇಲೆ ಬಂದವು. ಪಠಾಣ್‌ಕೋಟೆಯಲ್ಲಿ ನಿಂತಿದ್ದ ನಮ್ಮ ವಿಮಾನಗಳು ಹಲವು ನಾಶವಾದವು. ಇದಕ್ಕೆ ಮರುದಿನ ಬೆಳಗಾಗುವುದರೊಳಗೆ ಉತ್ತರ ಕೊಡಬೇಕಾಗಿತ್ತು. ಗುರಿಯೆಂದು ಆರಿಸಿದ್ದು ಸರ್ಗೋಧಾ. ಪಾಕಿಸ್ತಾನದ ಅತ್ಯಂತ ಬಲವಾದ ವಾಯುನೆಲೆಯದು. ಗಡಿಯಿಂದ ದೂರ, ಒಳನಾಡಿನಲ್ಲಿದೆ. ಮಿಸ್ಟೇರ್ ವಿಮಾನಗಳು ತಾವು ಹೊರಬಲ್ಲಷ್ಟು ಇಂಧನದಲ್ಲಿ ಅಲ್ಲಿಗೆ ಹೋಗಿ ಬರುವುದೇ ಕಷ್ಟವೆನ್ನುವಷ್ಟು ದೂರ. ಅಲ್ಲಿ ಸುತ್ತಾಡಿ ಕಾದಾಡಲು ಬಿಡುವಿಲ್ಲ. ಹೊಡೆದು ಕೂಡಲೇ ಹಿಂದಿರುಗಬೇಕು.

ಸೆಪ್ಟೆಂಬರ್ ೭ರಂದು ನಸುಕು ಹರಿಯುವುದಕ್ಕೆ ಮುಂಚೆ, ವಿಂಗ್ ಕಮಾಂಡರ್ ಓ. ಪಿ. ತನೇಜಾರ ಮುಂದಾಳುತನದಲ್ಲಿ ಹನ್ನೆರಡು ವಿಮಾನಗಳು ಹೊರಡುವುದೆಂದು ಗೊತ್ತಾಗಿತ್ತು. ದೇವಯ್ಯನವರು ಆ ಹನ್ನೆರಡರಲ್ಲಿ ಒಬ್ಬರಲ್ಲ. ಯಾವುದಾದರೊಂದು ವಿಮಾನ ಹಿಂದುಳಿದರೆ ಆ ಸ್ಥಾನವನ್ನು ತುಂಬಲೆಂದು ಅವರನ್ನು ಮೀಸಲಾಗಿ ಇರಿಸಲಾಗಿತ್ತು. ಒಂದು ವಿಮಾನ ಹಿಂದುಳಿಯಿತು. ದೇವಯ್ಯನವರು ಹೊರಟರು. ಕರೆಯದ ಮದುವೆಗೆ ಹೋಗಬಾರದೆಂದು ಲೋಕ ಹೇಳುತ್ತದೆ. ಕರೆಯದ ಯುದ್ಧಕ್ಕೆ ಹೋಗದಿದ್ದರೆ ಆಕ್ಷೇಪಿಸುವವರು ಯಾರೂ ಇರುತ್ತಿರಲಿಲ್ಲ. ಆದರೂ ಅವಕಾಶ ಒದಗಿದೊಡನೆ ಹೊರಟದ್ದು ಅವರ ಸ್ವಭಾವವನ್ನು ತಿಳಿಸುತ್ತದೆ.

ದಾಳಿಯನ್ನು ಮುಗಿಸಿ ಮಿಸ್ಟೇರ್ ವಿಮಾನಗಳು ನೆಲಕ್ಕೆ ಸಮೀಪವಾಗಿ ಹಾರುತ್ತ ಪೂರ್ವಕ್ಕೆ ತಿರುಗಿದವು. ಎಲ್ಲರಿಗಿಂತ ಹಿಂದೆ ದೇವಯ್ಯನವರಿದ್ದರು. ಆ ಹೊತ್ತಿಗೆ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನರು ನಡೆಸುತ್ತಿದ್ದ ಸ್ಟಾರ್‌ಫೈಟರ್ ಅವರನ್ನು ಕಂಡಿತು. ಮೊದಲು ಬಿಟ್ಟ ಕ್ಷಿಪಣಿ ಗುರಿ ತಪ್ಪಿ ನೆಲಕ್ಕೆ ಬಿತ್ತು. ಅನಂತರ ಫಿರಂಗಿಯ ಗುಂಡುಗಳು ಮಿಸ್ಟೇರ್ ವಿಮಾನಕ್ಕೆ ತಗುಲಿದವು. ಕೆಲಸ ಮುಗಿಯಿತೆಂದು ತಿಳಿದು ಅಮ್ಜದರು ಬೇರೆ ವಿಮಾನಗಳ ಕಡೆಗೆ ಗಮನ ಹರಿಸಿದರು. ಆದರೆ ಕೆಲಸ ಮುಗಿದಿರಲಿಲ್ಲ. ಗಾಯಗೊಂಡ ಮಿಸ್ಟೇರ್ ಇನ್ನೂ ಹಾರುತ್ತಿತ್ತು. ದೇವಯ್ಯನವರು ಅದನ್ನು ತಿರುಗಿಸಿ ತನಗಿಂತ ಇಮ್ಮಡಿ ವೇಗದ ವೈರಿಯನ್ನು ಎದುರಿಸಿದರು. ನೆಲದ ಹತ್ತಿರದ ಕೆಳಮಟ್ಟದ ಸುತ್ತಾಟದಲ್ಲಿ ಸ್ಟಾರ್‌ಫೈಟರಿನ ಮಹಾವೇಗಕ್ಕೆ ಬೆಲೆ ಕಡಿಮೆ. ಅದರ ಮೊಟಕು ರೆಕ್ಕೆಗಳು ಇಕ್ಕಟ್ಟಾದ ತಿರುವಿಗೆ ಒಗ್ಗುವುದಿಲ್ಲ. ಈ ಒಂದು ಅನುಕೂಲವನ್ನು ದೇವಯ್ಯನವರು ಬಳಸಿಕೊಂಡರು. ಅವರ ಫಿರಂಗಿಯ ಗುಂಡುಗಳು ಸ್ಟಾರ್‌ಫೈಟರಿಗೆ ತಾಗಿದವು. ಅಮ್ಜದ್ ಹುಸೇನರು ವಿಮಾನವನ್ನು ತೊರೆದು ಧುಮುಕುಕೊಡೆಯ ನೆರವಿನಿಂದ ಬದುಕಿಕೊಂಡರು. ದೇವಯ್ಯನವರು ಹಿಂದಿರುಗಲಿಲ್ಲ. ಮೂವತ್ತಮೂರನೆಯ ಹುಟ್ಟುಹಬ್ಬಕ್ಕೆ ಅವರಿಗೆ ಮೂರೂವರೆ ತಿಂಗಳು ಉಳಿದಿದ್ದವು.

ಆದಂಪುರದಲ್ಲಿ ಉಳಿದವರು ಇಳಿದರು; ಒಂದು ವಿಮಾನ ಬರಲಿಲ್ಲ. ನೆಲದಲ್ಲಿದ್ದವರಿಗೆ ಗೊತ್ತಾದದ್ದು ಅಷ್ಟೇ. ವಾಯುಯುದ್ಧದಲ್ಲಿ ಒಬ್ಬನ ಗೆಲುವನ್ನು ಸಿದ್ಧಪಡಿಸಲು ಸಾಮಾನ್ಯವಾಗಿ ಎರಡು ಸಾಧನಗಳು. ಒಂದು, ಜೊತೆಗೆ ಹಾರಿದವರ ಕಣ್ಣು. ಎರಡು, ಫಿರಂಗಿಯ ಗುಂಡಿ ಒತ್ತಿದೊಡನೆ ಚಿತ್ರ ತೆಗೆಯುವ ಕ್ಯಾಮೆರಾ. ಜೊತೆಗಾರರು ಆಜ್ಞೆಯಂತೆ ಮುಂದೆ ಸಾಗಿದ್ದರು, ಅವರು ಏನನ್ನೂ ನೋಡಲಿಲ್ಲ. ವಿಮಾನ ಬಿದ್ದ ಮೇಲೆ ಅದರೊಡನೆ ಹೋದದ್ದು ಸಾಕ್ಷ್ಯವೂ ಹೌದು. ದೇವಯ್ಯನವರ ಹೆಸರು ಕಾಣೆಯಾದವರ ಪಟ್ಟಿಗೆ ಸೇರಿತು. ಸೆಪ್ಟೆಂಬರ್ ೨೩ರಂದು ಕದನವಿರಾಮವಾಯಿತು. ೧೯೬೬ರ ಜನವರಿ ೧೦ರಂದು ತಾಷ್ಕೆಂಟಿನಲ್ಲಿ ಒಪ್ಪಂದವಾಯಿತು. ಸೆರೆಯಾಳುಗಳು ಮನೆಗಳಿಗೆ ಮರಳಿದರು. ಮರಳಿದವರಲ್ಲಿ ಅವರಿರಲಿಲ್ಲ. ಮಡದಿಯೂ ಎಳೆಯ ಹೆಣ್ಣುಮಕ್ಕಳೂ ಇದ್ದ ಆ ಮನೆಗೆ ‘ಸತ್ತನು’ ಎಂಬ ಮಾತಿಗಿಂತಲೂ ‘ಕಾಣೆಯಾದನು’ ಎಂಬ ಮಾತು ಎಷ್ಟು ಭಾರವಾಗಿದ್ದಿರಬೇಕು! ಸತ್ತವನಿಗಾಗಿ ಅತ್ತು ಮುಗಿಸಬಹುದು. ಕಾಣೆಯಾದವನಿಗಾಗಿ ಬಾಗಿಲನ್ನು ನೋಡುತ್ತಲೇ ಇರಬೇಕು.

ಆ ಯುದ್ಧದ ಮತ್ತೊಂದು ಪ್ರಸಂಗವನ್ನು ಇಲ್ಲಿ ನೆನೆಯದಿರಲಾಗದು. ಕದನವಿರಾಮದ ಹಿಂದಿನ ದಿನ, ಸೆಪ್ಟೆಂಬರ್ ೨೨ರಂದು, ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪನವರ ಹಂಟರ್ ವಿಮಾನವೂ ಉರುಳಿ, ಅವರು ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ದೇಶ ಒಡೆಯುವುದಕ್ಕೆ ಮುಂಚೆ ಕಾರ್ಯಪ್ಪನವರೊಡನೆ ಸೇವೆ ಸಲ್ಲಿಸಿದವರು. ಮಗನಿಗೆ ವಿಶೇಷ ಅನುಕೂಲ ಮಾಡಿಕೊಡಲು ಅವರು ಮುಂದಾದಾಗ, ಸೆರೆಯಲ್ಲಿರುವ ಎಲ್ಲರೂ ತನ್ನ ಮಕ್ಕಳೇ, ಎಲ್ಲರನ್ನೂ ಒಂದೇ ಸಮನಾಗಿ ಕಾಣಬೇಕೆಂದು ತಂದೆಯು ತಿಳಿಸಿದರೆಂಬುದು ಪ್ರಸಿದ್ಧವಾಗಿದೆ. ಮಗ ಮರಳಿ ಬಂದನು. ಒಂದೇ ಪುಟ್ಟ ನಾಡಿನ ಇಬ್ಬರು ವೈಮಾನಿಕರು, ಒಂದೇ ತಿಂಗಳು. ಒಬ್ಬರ ಸುದ್ದಿ ಕೂಡಲೇ ಬಂದಿತು, ಇನ್ನೊಬ್ಬರ ಸುದ್ದಿ ಬರಲು ಹಲವಾರು ವರ್ಷಗಳು ಬೇಕಾದವು.

ಸುದ್ದಿ ಬಂದ ದಾರಿ ವಿಚಿತ್ರವಾದದ್ದು. ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ ೧೯೬೫ರ ವಾಯುಯುದ್ಧವನ್ನು ಕುರಿತು ಪುಸ್ತಕವನ್ನು ಬರೆದರು. ಅದು ೧೯೭೯ರಲ್ಲಿ ಪ್ರಕಟವಾಯಿತು. ಸರ್ಗೋಧಾದ ಆ ಬೆಳಗ್ಗೆ ಒಂದು ಸ್ಟಾರ್‌ಫೈಟರ್ ಭಾರತದ ಮಿಸ್ಟೇರ್ ವಿಮಾನದೊಡನೆ ನಡೆದ ಕಾಳಗದಲ್ಲಿ ಬಿದ್ದಿತೆಂಬುದನ್ನು ಅದು ಬಯಲು ಮಾಡಿತು. ಭಾರತದಲ್ಲಿ ಓದಿದವರಿಗೆ ಆಶ್ಚರ್ಯವಾಯಿತು. ಹಿಂದಿರುಗಿದವರಲ್ಲಿ ಯಾರೂ ಅಂಥ ಗೆಲುವನ್ನು ಹೇಳಿಕೊಂಡಿರಲಿಲ್ಲ. ಆದ್ದರಿಂದ ಹೊಡೆದವನು ಹಿಂದಿರುಗದವನೇ ಆಗಿರಬೇಕು. ಹಿಂದಿರುಗದವನು ಒಬ್ಬನೇ. ಲೆಕ್ಕ ಇಷ್ಟು ಸರಳವಾಗಿತ್ತು. ಆದರೆ ಅದನ್ನು ಹಾಕುವುದಕ್ಕೆ ಬೇಕಾದ ಅಂಕಿಯೊಂದು ಗಡಿಯ ಆಚೆಗೆ ಉಳಿದುಬಿಟ್ಟಿತ್ತು. ವಾಯುಪಡೆಯ ಇತಿಹಾಸವನ್ನು ಶೋಧಿಸುತ್ತಿದ್ದ ಅಧಿಕಾರಿಗಳು ದಾಖಲೆಗಳನ್ನು ಹೋಲಿಸಿ ನೋಡಿದರು. ಅಂದಿನ ಮುಂದಾಳು ತನೇಜಾರವರು ತಮ್ಮ ದಳದ ಹಳೆಯ ಸಂಗಡಿಗನ ಪರವಾಗಿ ನಿಂತರು. ದೇವಯ್ಯನವರ ದೇಹವನ್ನು ಅಲ್ಲಿಯ ಹಳ್ಳಿಯ ಜನ ಹೊಲದಲ್ಲಿಯೇ ಮಣ್ಣುಮಾಡಿದ್ದರೆಂಬ ಸಂಗತಿಯೂ ತಿಳಿದು ಬಂದಿತು.

೧೯೮೮ರಲ್ಲಿ ಭಾರತ ಸರಕಾರವು ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿತು. ಯುದ್ಧದಲ್ಲಿ ತೋರಿದ ಶೌರ್ಯಕ್ಕಾಗಿ ಸಲ್ಲುವ ಗೌರವಗಳಲ್ಲಿ ಪರಮವೀರ ಚಕ್ರದ ನಂತರದ ಸ್ಥಾನ ಅದರದು. ಕಾಳಗ ನಡೆದು ಇಪ್ಪತ್ತಮೂರು ವರ್ಷಗಳಾಗಿದ್ದವು. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು. ತಂದೆಯ ಮುಖವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಲೂ ಆಗದ ವಯಸ್ಸಿನಲ್ಲಿ ಅವನನ್ನು ಕಳೆದುಕೊಂಡ ಮಕ್ಕಳು ಆಗ ಪ್ರಾಯಕ್ಕೆ ಬಂದಿದ್ದರು. ಮಡಿಕೇರಿಯಲ್ಲಿ ಈಗ ಅವರ ಪ್ರತಿಮೆ ನಿಂತಿದೆ. ೨೦೨೫ರಲ್ಲಿ ಈ ಕಥೆಯ ಎಳೆಯನ್ನು ಹಿಡಿದು ಹಿಂದಿಯಲ್ಲಿ ‘ಸ್ಕೈ ಫೋರ್ಸ್’ ಎಂಬ ಚಲನಚಿತ್ರವೂ ಬಂದಿತು.

ತಡವಾಗಿ ಬಂದ ಗೌರವದ ಕಥೆ ನಮ್ಮ ದೇಶದಲ್ಲಿ ಮಾತ್ರವೇ ಇಲ್ಲ. ಅಮೆರಿಕದ ಜಾರ್ಜಿಯಾ ಸಂಸ್ಥಾನದ ಕೊಲಂಬಸ್ ಊರಿನಲ್ಲಿ ೧೮೯೫ರಲ್ಲಿ ಯೂಜೀನ್ ಬುಲಾರ್ಡ್ ಎಂಬ ಕಪ್ಪು ಜನಾಂಗದ ಹುಡುಗ ಹುಟ್ಟಿದನು. ಅಲ್ಲಿಯ ವರ್ಣದ್ವೇಷವನ್ನು ತಾಳಲಾರದೆ ಎಳೆಯ ವಯಸ್ಸಿನಲ್ಲೇ ಮನೆಬಿಟ್ಟು, ೧೯೧೨ರಲ್ಲಿ ಹಡಗೊಂದರಲ್ಲಿ ಅಡಗಿ ಕುಳಿತು ಯೂರೋಪನ್ನು ಸೇರಿ, ಮುಷ್ಟಿಕಾಳಗದಿಂದ ಹೊಟ್ಟೆ ಹೊರೆದನು. ಮಹಾಯುದ್ಧ ಬಂದಾಗ ಫ್ರಾನ್ಸಿನ ಪರವಾಗಿ ಕಾಲಾಳಾಗಿ ಕಾದಿ ೧೯೧೬ರಲ್ಲಿ ವರ್ದೂನಿನ ರಣರಂಗದಲ್ಲಿ ಗಾಯಗೊಂಡನು. ಕಾಲಾಳಿನ ಕೆಲಸಕ್ಕೆ ಒದಗದವನಾದಾಗ ಹಾರಾಟವನ್ನು ಕಲಿತು, ೧೯೧೭ರಲ್ಲಿ ಫ್ರಾನ್ಸಿನ ಯುದ್ಧವೈಮಾನಿಕನಾದನು. ಅಮೆರಿಕವು ಯುದ್ಧಕ್ಕಿಳಿದಾಗ ತನ್ನ ದೇಶದ ವಾಯುದಳವನ್ನು ಸೇರಲು ಕೇಳಿಕೊಂಡನು. ಅವನೊಡನೆ ಫ್ರಾನ್ಸಿನಲ್ಲಿ ಹಾರುತ್ತಿದ್ದ ಬಿಳಿಯ ಅಮೆರಿಕನರಿಗೆ ತೆರೆದ ಬಾಗಿಲು ಅವನಿಗೆ ತೆರೆಯಲಿಲ್ಲ.

ಫ್ರಾನ್ಸ್ ಅವನಿಗೆ ಹಲವು ಪದಕಗಳನ್ನು ಕೊಟ್ಟಿತು. ೧೯೫೯ರಲ್ಲಿ ತನ್ನ ಅತ್ಯುನ್ನತ ಗೌರವವಾದ ಲೀಜಿಯನ್ ಆಫ್ ಆನರ್ ಪದವಿಯನ್ನೂ ಕೊಟ್ಟಿತು. ಅದೇ ಕಾಲದಲ್ಲಿ ಆ ವೃದ್ಧ ವೀರನು ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರ್ ಕಟ್ಟಡದಲ್ಲಿ ಜನರನ್ನು ಮೇಲೆ ಕೆಳಗೆ ಒಯ್ಯುವ ಲಿಫ್ಟನ್ನು ನಡೆಸುತ್ತಿದ್ದನು! ೧೯೬೧ರಲ್ಲಿ ಅವನು ತೀರಿಕೊಂಡನು. ಅವನ ದೇಶದ ವಾಯುಪಡೆಯು ಅವನನ್ನು ಸೆಕೆಂಡ್ ಲೆಫ್ಟಿನೆಂಟ್ ಎಂದು ನೇಮಿಸಿದ್ದು ೧೯೯೪ರಲ್ಲಿ, ಅಂದರೆ ಅವನು ಸತ್ತು ಮೂವತ್ತಮೂರು ವರ್ಷಗಳಾದ ಮೇಲೆ. ಈ ನಡುವೆ ೧೯೪೧ರಲ್ಲಿ ಟಸ್ಕೀಗೀ ಎಂಬಲ್ಲಿ ಕಪ್ಪು ವೈಮಾನಿಕರಿಗೆ ಬೇರೆಯಾಗಿಯೇ ತರಬೇತಿ ಮೊದಲಾಗಿ, ಬೆಂಜಮಿನ್ ಡೇವಿಸ್ ಮೊದಲಾದವರು ಎರಡನೆಯ ಮಹಾಯುದ್ಧದಲ್ಲಿ ಹೆಸರು ಪಡೆದರು. ೧೯೪೮ರ ಜುಲೈನಲ್ಲಿ ಅಧ್ಯಕ್ಷ ಟ್ರೂಮನ್ನರು ಸೈನ್ಯದಲ್ಲಿ ವರ್ಣಭೇದವನ್ನು ತೊಡೆಯುವ ಆಜ್ಞೆಯನ್ನು ಹೊರಡಿಸಿದರು.

ಈ ಎರಡು ಕಥೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಬುಲಾರ್ಡನ ಗುಣವನ್ನು ಅವನ ದೇಶ ಕಣ್ಣಾರೆ ಕಂಡೂ ಕಾಣದಂತಿತ್ತು, ಅದು ಅನ್ಯಾಯ. ದೇವಯ್ಯನವರ ವಿಷಯದಲ್ಲಿ ಯಾರೂ ಬೇಕೆಂದು ಕಣ್ಣು ಮುಚ್ಚಲಿಲ್ಲ. ಕಾಣಬೇಕಾದದ್ದು ಕಾಣದ ಜಾಗದಲ್ಲಿ ನಡೆದುಹೋಯಿತು. ಒಂದು ತಿಳಿದು ಮರೆತ ಮರೆವು, ಇನ್ನೊಂದು ತಿಳಿಯದೆ ಉಂಟಾದ ಮರೆವು. ಮೊದಲನೆಯದಕ್ಕೆ ಮದ್ದು ಮನಸ್ಸು ಬದಲಾಗುವುದು. ಎರಡನೆಯದಕ್ಕೆ ಮದ್ದು ಹುಡುಕುವುದು, ಬರೆಯುವುದು, ಒಬ್ಬರ ಬರಹವನ್ನು ಇನ್ನೊಬ್ಬರ ಬರಹದೊಡನೆ ಹೋಲಿಸುವುದು. ಎರಡು ಕಥೆಗಳಲ್ಲಿಯೂ ಒಂದು ಮಾತು ಸಮಾನ: ಸ್ವಂತ ದೇಶಕ್ಕಿಂತ ಮೊದಲು ಪರರು ಗುಣವನ್ನು ದಾಖಲಿಸಿದರು. ಬುಲಾರ್ಡನಿಗೆ ಫ್ರಾನ್ಸ್, ದೇವಯ್ಯನವರಿಗೆ, ಅವರೊಡನೆ ಕಾದಿದ ಶತ್ರುಪಕ್ಷದ ಹೇಳಿಕೆ. ವೈರಿಯ ಬಾಯಿಂದ ಬಂದ ಪ್ರಶಂಸೆಯನ್ನು ಯಾರೂ ಪಕ್ಷಪಾತವೆನ್ನಲಾರರು.

ಈಗ ಮೊದಲಲ್ಲಿ ಹೇಳದೆ ಬಿಟ್ಟ ಎರಡನೆಯ ಕಾರಣಕ್ಕೆ ಬರೋಣ. ಗಡಿಯಲ್ಲಿ ಬಾಳುವ ಜನರ ಚರಿತ್ರೆಗೆ ಇರುವ ಗಂಡಾಂತರವೂ ಇದೇ ಬಗೆಯದು. ನಮ್ಮ ಆಲಂಪುರದ ಗುಡಿಗಳ ಬಳಿ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಸಾವಿರ ವರ್ಷದ ಹಿಂದಿನ ದಾನಿಯ ಹೆಸರನ್ನು ನಾವು ಇಂದು ಓದಬಲ್ಲೆವು. ಆದರೆ ನೂರು ವರ್ಷದ ಹಿಂದೆ ಇದೇ ಊರುಗಳಲ್ಲಿ ಕನ್ನಡವನ್ನು ಕಲಿಸಿದ ಮೇಷ್ಟರ ಹೆಸರು, ಸೈನ್ಯಕ್ಕೆ ಹೋಗಿ ಮರಳದ ಯುವಕನ ಹೆಸರು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತು? ಒಂದು ರಾಜ್ಯದ ಪುಸ್ತಕದಲ್ಲಿ ಅವರು ಹೊರಗಿನವರು; ಇನ್ನೊಂದು ರಾಜ್ಯದ ಪುಸ್ತಕದಲ್ಲಿ ಅವರ ನುಡಿ ಹೊರಗಿನದು. ಯಾರ ದ್ವೇಷದಿಂದಲೂ ಅಲ್ಲ, ಸಾಕ್ಷಿಯಿಲ್ಲದೆ ಅವರು ಮರೆಯಾಗುತ್ತಾರೆ. ಲೆಕ್ಕಕ್ಕೆ ಬೇಕಾದ ಅಂಕಿ ಯಾವಾಗಲೂ ಗಡಿಯ ಇನ್ನೊಂದು ಬದಿಯಲ್ಲಿ ಉಳಿದುಬಿಡುತ್ತದೆ.

ಇದಕ್ಕೆ ಮದ್ದು ನಮ್ಮ ಕೈಯಲ್ಲಿಯೇ ಇದೆ. ಕನ್ನಡ ಶಾಲೆಯಲ್ಲಿ ಓದುವ ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ಮನೆತನದಲ್ಲಿ ದೂರ ಹೋದವರು ಯಾರು, ಮರಳಿ ಬಾರದವರು ಯಾರು, ಊರಿಗೆ ಒಳ್ಳೆಯದನ್ನು ಮಾಡಿದವರು ಯಾರು ಎಂಬುದನ್ನು ಇಸವಿಯೊಡನೆ ಬರೆದಿಡಲಿ. ಕನ್ನಡದಲ್ಲಿ ಬರೆದದ್ದನ್ನು ನೆರೆಯ ತೆಲುಗು ಬಂಧುಗಳ ನೆನಪಿನೊಡನೆ ಹೋಲಿಸಿ ನೋಡಲಿ. ನಮಗೆ ತಿಳಿಯದ ಅಂಕಿ ಅವರ ಬಳಿ ಇದ್ದೀತು, ಅವರಿಗೆ ತಿಳಿಯದ್ದು ನಮ್ಮ ಬಳಿ ಇದ್ದೀತು. ಸಂಘದ ವಾರ್ಷಿಕ ಸಂಚಿಕೆಗಳಿರುವುದು ಇಂಥ ಬರಹಗಳಿಗೆ ಎಡೆಕೊಡಲೆಂದೇ ಅಲ್ಲವೆ?

ಬೀದರಿನಲ್ಲಿಯೂ, ಹೈದರಾಬಾದಿನ ಬಳಿಯ ಹಕೀಂಪೇಟೆ, ದುಂಡಿಗಲ್ಲುಗಳಲ್ಲಿಯೂ ಇಂದು ತರುಣರೂ ತರುಣಿಯರೂ ಯುದ್ಧವಿಮಾನದ ವಿದ್ಯೆಯನ್ನು ಕಲಿಯುತ್ತಿದ್ದಾರೆ. ನಮ್ಮ ಮಕ್ಕಳಲ್ಲಿಯೂ ಯಾರಾದರೂ ಮುಂದೆ ಆ ಸಾಲನ್ನು ಸೇರಬಹುದು. ಅವರಿಗೆ ದೇವಯ್ಯನವರ ಕಥೆಯನ್ನು ಹೇಳುವಾಗ ಗೆಲುವನ್ನಷ್ಟೇ ಹೇಳಿದರೆ ಸಾಲದು. ಮೀಸಲಿನಲ್ಲಿದ್ದವನು ಸಿದ್ಧನಾಗಿಯೇ ಇದ್ದನೆಂಬುದನ್ನು ಹೇಳಬೇಕು. ಸಾಧನ ಕಡಿಮೆಯಾದಾಗ ವಿದ್ಯೆಯು ಅದನ್ನು ತುಂಬಿಕೊಟ್ಟಿತೆಂಬುದನ್ನು ಹೇಳಬೇಕು. ನೋಡುವವರು ಯಾರೂ ಇಲ್ಲದಾಗಲೂ ಅವನು ತನ್ನ ಕರ್ತವ್ಯವನ್ನು ಮಾಡಿದನೆಂಬುದನ್ನು ಎಲ್ಲಕ್ಕಿಂತ ಮಿಗಿಲಾಗಿ ಹೇಳಬೇಕು. ಪದಕ ಬರುವುದೆಂದು ತಿಳಿದು ಅವರು ವಿಮಾನವನ್ನು ಹಿಂದಕ್ಕೆ ತಿರುಗಿಸಲಿಲ್ಲ. ಮಾಡುವುದು ಅವರ ಪಾಲಿನ ಕೆಲಸವಾಗಿತ್ತು, ಅದನ್ನು ಮಾಡಿದರು. ಹುಡುಕಿ ಬರೆದಿಡುವುದು ಉಳಿದವರ ಪಾಲಿನ ಕೆಲಸ. ಅದಕ್ಕೆ ಇಪ್ಪತ್ತಮೂರು ವರ್ಷಗಳು ಹಿಡಿದವು. ನಮ್ಮ ನಮ್ಮ ಊರುಗಳ ಮಟ್ಟಿಗಾದರೂ ಅಷ್ಟು ತಡವಾಗದಂತೆ ನೋಡಿಕೊಳ್ಳೋಣ.